ಮಾಗೋಡಿನ ಜಲಪಾತ ಮತ್ತು ಓಮನ ನಿಯಮ

ವಿದ್ಯುತ್ತಿನ ಪಾಠದಲ್ಲಿ ಸೂತ್ರವನ್ನು ಕಂಠಪಾಠ ಮಾಡುವ ವಿದ್ಯಾರ್ಥಿಗಳು ಅನೇಕರು. ಆದರೆ ಸಾಲಿನ ಕೊನೆಯಲ್ಲಿರುವ ತಮ್ಮ ಮನೆಯ ದೀಪ ಸಂಜೆಯಾದೊಡನೆ ಏಕೆ ಮಂಕಾಗುತ್ತದೆಂದು ಕೇಳಿದರೆ ಉತ್ತರಿಸುವವರು ವಿರಳ. ಈ ಎರಡು ವಿಷಯಗಳೂ ಒಂದೇ ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಶಾಲಾ ಶಿಕ್ಷಕನ ಶೋಧನೆ

ಜರ್ಮನಿಯ ಗೆಯಾರ್ಗ್ ಸೈಮನ್ ಓಮ್ ಕೊಲೋನ್ ನಗರದ ಶಾಲೆಯೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಶಿಕ್ಷಕನಾಗಿದ್ದನು. ಆ ಶಾಲೆಯ ಪ್ರಯೋಗಶಾಲೆಯಲ್ಲಿಯೇ ಆತನು ತಂತಿಗಳ ಮೇಲೆ ಪ್ರಯೋಗಗಳನ್ನು ನಡೆಸಿದನು. 1827ರಲ್ಲಿ ಪ್ರಕಟವಾದ ಆತನ ಗ್ರಂಥಕ್ಕೆ ಮೊದಲಿಗೆ ದೊರೆತ ಆದರ ಅತ್ಯಲ್ಪ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಆತನಿಗೆ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಇಂದು ರೋಧದ ಮಾನಕ್ಕೆ ಆತನ ಹೆಸರೇ ಇದೆ.

ಉಷ್ಣತೆ ಬದಲಾಗದಿರುವಾಗ, ವಾಹಕದಲ್ಲಿ ಹರಿಯುವ ಪ್ರವಾಹವು ಅದರ ತುದಿಗಳ ನಡುವಣ ವಿಭವಾಂತರಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಆತನ ನಿಯಮ. ಅಂದರೆ, ವಿಭವಾಂತರ = ಪ್ರವಾಹ × ರೋಧ. ಇವುಗಳ ಮಾನಗಳು ಕ್ರಮವಾಗಿ ವೋಲ್ಟ್, ಆಂಪಿಯರ್ ಮತ್ತು ಓಮ್.

ಎರಡು ಹಂತಗಳ ಧುಮುಕು

ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಬೇಡ್ತಿ ನದಿಯು ಎರಡು ಹಂತಗಳಲ್ಲಿ ಕಣಿವೆಗೆ ಧುಮುಕುತ್ತದೆ. ಮೊದಲ ಹಂತದಲ್ಲಿ ಬಿದ್ದ ನೀರೇ ಎರಡನೆಯ ಹಂತದಲ್ಲಿಯೂ ಬೀಳುತ್ತದೆ. ನೀರಿನ ಪ್ರಮಾಣ ಒಂದೇ, ಎತ್ತರಗಳು ಮಾತ್ರ ಕೂಡಿಕೊಳ್ಳುತ್ತವೆ. ಸರಣಿ ಜೋಡಣೆಯ ಮರ್ಮವೂ ಇದೇ. ಒಂದರ ಮುಂದೊಂದಾಗಿ ಜೋಡಿಸಿದ ರೋಧಕಗಳಲ್ಲಿ ಪ್ರವಾಹ ಒಂದೇ. ವಿಭವಾಂತರಗಳ ಮೊತ್ತವು ಮೂಲದ ವಿಭವಾಂತರಕ್ಕೆ ಸಮ.

12 ವೋಲ್ಟಿನ ಬ್ಯಾಟರಿಗೆ 2 ಓಮ್ ಮತ್ತು 4 ಓಮ್ ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದೆಯೆನ್ನೋಣ. ಒಟ್ಟು ರೋಧ 6 ಓಮ್; ಪ್ರವಾಹ 12 ÷ 6 = 2 ಆಂಪಿಯರ್. ಮೊದಲನೆಯದರಲ್ಲಿ 2 × 2 = 4 ವೋಲ್ಟ್, ಎರಡನೆಯದರಲ್ಲಿ 2 × 4 = 8 ವೋಲ್ಟ್. ಎರಡನ್ನೂ ಕೂಡಿದರೆ 12. ಮೊದಲ ರೋಧಕವು ಪ್ರವಾಹದ ಒಂದಿಷ್ಟನ್ನು ‘ತಿಂದುಬಿಡುತ್ತದೆ’ ಎಂಬ ವಿದ್ಯಾರ್ಥಿಗಳ ಸಾಮಾನ್ಯ ತಪ್ಪುಕಲ್ಪನೆಯನ್ನು ನೀಗಿಸಲು ಈ ಲೆಕ್ಕ ಸಾಕು. ಕುಗ್ಗುವುದು ವಿಭವವೇ ಹೊರತು ಪ್ರವಾಹವಲ್ಲ.

ಹೊಳೆಯು ಬಂಡೆಯೊಂದರ ಇಕ್ಕೆಲಗಳಲ್ಲಿ ಸೀಳಿ ಇಳಿದಾಗ ಎರಡು ಧಾರೆಗಳಿಗೂ ಎತ್ತರ ಒಂದೇ. ನೀರು ಮಾತ್ರ ಹಂಚಿಹೋಗುತ್ತದೆ. ಇದು ಸಮಾಂತರ ಜೋಡಣೆ. ಅದೇ ಬ್ಯಾಟರಿಗೆ 4 ಓಮ್ ಮತ್ತು 12 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ, ಪ್ರತಿಯೊಂದಕ್ಕೂ 12 ವೋಲ್ಟ್ ದೊರೆಯುತ್ತದೆ. ಪ್ರವಾಹಗಳು 3 ಆಂಪಿಯರ್ ಮತ್ತು 1 ಆಂಪಿಯರ್, ಒಟ್ಟು 4. ಆದ್ದರಿಂದ ಜೋಡಣೆಯ ರೋಧ 12 ÷ 4 = 3 ಓಮ್. ಅದು ಎರಡರಲ್ಲಿ ಚಿಕ್ಕದಕ್ಕಿಂತಲೂ ಚಿಕ್ಕದು. ದಾರಿ ಹೆಚ್ಚಿದಂತೆಲ್ಲ ಅಡ್ಡಿ ಕಡಿಮೆಯಾಗುವುದು ಸಹಜವೇ ಸರಿ. ಮಂಡಲದ ಸಂಧಿಗಳಲ್ಲಿ ಪ್ರವಾಹವೂ ಸುತ್ತುಗಳಲ್ಲಿ ವಿಭವವೂ ಹೀಗೆ ಸರಿದೂಗುವುದನ್ನು ಕಿರ್ಕಾಫ್ 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಎರಡು ನಿಯಮಗಳಾಗಿ ನಿರೂಪಿಸಿದನು.

ಉಪಮೆಗೂ ಮಿತಿಯುಂಟು. ಬೇಡ್ತಿಯು ಗಂಗಾವಳಿಯೆನಿಸಿ ಕಡಲನ್ನು ಸೇರುತ್ತದೆ. ವಿದ್ಯುತ್ ಪ್ರವಾಹಕ್ಕಾದರೋ ಮೂಲಕ್ಕೆ ಮರಳುವ ದಾರಿ ಬೇಕೇ ಬೇಕು. ಈ ಮರಳುದಾರಿಯನ್ನು ಮರೆತವರ ಲೆಕ್ಕವು ಮುಂದಿನ ಉದಾಹರಣೆಯಲ್ಲಿ ತಪ್ಪುತ್ತದೆ.

ಸಾಲಿನ ಕೊನೆಯ ಮನೆ

ಘಟ್ಟದ ಮೇಲಿನ ಮನೆಗಳು ಅಡಿಕೆ ತೋಟಗಳ ಅಂಚಿನಲ್ಲಿ ಒಂದಕ್ಕೊಂದು ದೂರ ದೂರ. ಕೆಲವೆಡೆ ಹಳ್ಳದ ನೀರಿನಿಂದಲೇ ಪುಟ್ಟ ಯಂತ್ರವನ್ನು ನಡೆಸಿ, ವಿದ್ಯುತ್ತನ್ನು ತಂತಿಯಲ್ಲಿ ಮನೆಗೆ ತರುವುದೂ ಉಂಟು. ಎಲ್ಲಿಂದ ತಂದರೂ ಉದ್ದವಾದ ತಂತಿಯೇ ಒಂದು ರೋಧಕ. ಮನೆಯ ಉಪಕರಣಗಳೊಡನೆ ಅದು ಸರಣಿಯಲ್ಲಿರುತ್ತದೆ.

230 ವೋಲ್ಟಿನ ಮೂಲದಿಂದ ಮನೆಯು 300 ಮೀಟರ್ ದೂರದಲ್ಲಿದ್ದು, 6 ಚದರ ಮಿಲಿಮೀಟರ್ ಅಡ್ಡಕೊಯ್ತದ ಅಲ್ಯೂಮಿನಿಯಂ ತಂತಿಯನ್ನು ಎಳೆದಿದೆಯೆಂದು ಊಹಿಸೋಣ. ಹೋಗುವ ತಂತಿ, ಬರುವ ತಂತಿ ಸೇರಿ ಉದ್ದ 600 ಮೀಟರ್. ಒಂದು ಚದರ ಮಿಲಿಮೀಟರ್ ದಪ್ಪದ ಒಂದು ಮೀಟರ್ ಅಲ್ಯೂಮಿನಿಯಂ ತಂತಿಯ ರೋಧ ಸುಮಾರು 0.028 ಓಮ್. ಆದ್ದರಿಂದ ಸಾಲಿನ ರೋಧ 0.028 × 600 ÷ 6 = 2.8 ಓಮ್.

230 ವೋಲ್ಟಿನಲ್ಲಿ 1000 ವ್ಯಾಟ್ ಬಳಸುವ ನೀರು ಕಾಯಿಸುವ ಸುರುಳಿಯ ರೋಧ 230 × 230 ÷ 1000 = 52.9 ಓಮ್. ಒಂದೇ ಸುರುಳಿಯಿದ್ದಾಗ ಒಟ್ಟು ರೋಧ 55.7 ಓಮ್, ಪ್ರವಾಹ 4.13 ಆಂಪಿಯರ್. ತಂತಿಯಲ್ಲಿ 11.6 ವೋಲ್ಟ್ ಕಳೆದು ಮನೆಗೆ 218.4 ವೋಲ್ಟ್ ತಲಪುತ್ತದೆ. ಅಂತಹ ಇನ್ನೊಂದು ಸುರುಳಿಯನ್ನು ಹಚ್ಚಿದೊಡನೆ ಮನೆಯ ರೋಧ ಅರ್ಧವಾಗಿ 26.45 ಓಮ್‌ಗೆ ಇಳಿಯುತ್ತದೆ. ಪ್ರವಾಹ 230 ÷ 29.25 = 7.86 ಆಂಪಿಯರ್, ತಂತಿಯಲ್ಲಿ ನಷ್ಟ 22 ವೋಲ್ಟ್, ಮನೆಗೆ ಉಳಿಯುವುದು 208. ಒಂದೊಂದು ಸುರುಳಿಗೂ ದೊರೆಯುವುದು ಸಾವಿರ ವ್ಯಾಟ್ ಅಲ್ಲ, ಸುಮಾರು 818 ಮಾತ್ರ. ಸಂಜೆ ಎಲ್ಲರೂ ಉಪಕರಣಗಳನ್ನು ಹಚ್ಚಿದಾಗ ದೀಪಗಳು ಮಂಕಾಗುವ ಕಾರಣ ಈಗ ಸ್ಪಷ್ಟ. ತಂತಿಯನ್ನು ಬಿಸಿಮಾಡುವುದರಲ್ಲಿಯೇ 173 ವ್ಯಾಟ್, ಎಂದರೆ ಹೊರಟ ಶಕ್ತಿಯ ಹತ್ತನೆಯ ಒಂದು ಪಾಲಿನಷ್ಟು, ವ್ಯರ್ಥವಾಗುತ್ತದೆ.

ಅದೇ ದೂರಕ್ಕೆ 16 ಚದರ ಮಿಲಿಮೀಟರ್ ತಂತಿಯನ್ನು ಎಳೆದರೆ ಸಾಲಿನ ರೋಧ 1.05 ಓಮ್, ಎರಡು ಸುರುಳಿಗಳಿದ್ದರೂ ಮನೆಗೆ 221 ವೋಲ್ಟ್ ದೊರೆಯುತ್ತದೆ. ತೆಳುತಂತಿಯನ್ನು ಕೊಂಡು ಉಳಿಸಿದ ಹಣವನ್ನು ಪ್ರತಿ ಸಂಜೆಯೂ ತೆರಬೇಕಾಗುತ್ತದೆಂಬ ಅರಿವು ಲೆಕ್ಕ ಬಲ್ಲವನಿಗೆ ಮೊದಲೇ ಬರುತ್ತದೆ.

ಎರಡು ಎಚ್ಚರಿಕೆಗಳು ಅವಶ್ಯ. ತಂತುದೀಪದ ರೋಧವು ತಣ್ಣಗಿದ್ದಾಗ ಬಹಳ ಕಡಿಮೆ, ಕಾದಾಗ ಹಲವು ಪಟ್ಟು ಹೆಚ್ಚು. ಪಂಪಿನ ಮೋಟಾರಂತೂ ಸರಳ ರೋಧಕವೇ ಅಲ್ಲ. ವೋಲ್ಟೇಜು ಕುಗ್ಗಿದಾಗ ಅದು ಹೆಚ್ಚು ಪ್ರವಾಹವನ್ನೆಳೆದು ಸುರುಳಿ ಸುಟ್ಟುಹೋಗಬಹುದು. ಇನ್ನು ಮನೆಯ ವಿದ್ಯುತ್ತಿನ ಲೆಕ್ಕವನ್ನು ಕಾಗದದ ಮೇಲಷ್ಟೇ ಮಾಡಬೇಕು. ಪ್ರಯೋಗಕ್ಕೆ ಶುಷ್ಕಕೋಶಗಳೇ ತಕ್ಕವು.

ಲೆಕ್ಕದ ಹಿಂದಿನ ಹೊಣೆ

ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆಯ ಬಗ್ಗೆ 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರಸಂಕಿರಣ ನಡೆಯಿತು. ಕಾಡು, ತೋಟಗಳು ಮುಳುಗುತ್ತವೆಂದು ರೈತರೂ ವಿಚಾರವಂತರೂ ವಿರೋಧಿಸಿದ ಫಲವಾಗಿ ಆ ಯೋಜನೆ ಅಂದು ನಿಂತಿತು. ಮಾಗೋಡಿನ ಧುಮುಕು ಉಳಿಯಿತು. ಆದರೆ ವಿದ್ಯುತ್ತಿನ ಅಗತ್ಯವೂ ಉಳಿದಿದೆ. ತಂತಿಯಲ್ಲಿ ವ್ಯರ್ಥವಾಗುವ ಪ್ರತಿ ವ್ಯಾಟಿನ ಹಿಂದೆಯೂ ಎಲ್ಲಿಯೋ ತಡೆದ ನೀರು, ಎಲ್ಲಿಯೋ ಉರಿದ ಕಲ್ಲಿದ್ದಲು ಇರುತ್ತದೆಂಬುದನ್ನು ಮಕ್ಕಳಿಗೆ ಸಂಖ್ಯೆಗಳಲ್ಲಿಯೇ ತೋರಿಸಬಹುದು.

ಅದಕ್ಕೆ ಬೇಕಾದ ಸಾಮಗ್ರಿ ಅಲ್ಪ: ನಾಲ್ಕು ಕೋಶಗಳು, ಕೆಲವು ರೋಧಕಗಳು, ಸರಣಿಯಲ್ಲಿ ಜೋಡಿಸಲು ಒಂದು ಅಮ್ಮೀಟರ್, ಸಮಾಂತರವಾಗಿ ಹಿಡಿಯಲು ಒಂದು ವೋಲ್ಟ್‌ಮೀಟರ್. ಮೊದಲು ಲೆಕ್ಕ, ಅನಂತರ ಅಳತೆ, ಕೊನೆಗೆ ಎರಡರ ಹೋಲಿಕೆ — ಈ ಕ್ರಮದಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಕೈಯಾರೆ ಮಾಡುವಂತಾಗಬೇಕು. ಅನ್ನ, ಅಕ್ಷರ, ಜ್ಞಾನಗಳ ತ್ರಿವಿಧ ದಾಸೋಹವನ್ನು ನಂಬಿದ ವಿದ್ಯಾಸಂಸ್ಥೆಗಳಲ್ಲಿ ಅಂತಹ ಒಂದು ಮೇಜನ್ನು ಸಜ್ಜುಗೊಳಿಸುವುದು ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಭಾರವಾಗದು. ಓಮನಿಗೂ ದೊರೆತದ್ದು ಒಂದು ಶಾಲೆಯ ಮೇಜೇ.