ಕಿತ್ತೂರು ಸಂಸ್ಥಾನದ ಜನಸಂಖ್ಯೆ: ಅಂದಾಜಿನ ಆಧಾರಗಳು ಮತ್ತು ಮಿತಿಗಳು

ಜನಗಣತಿಗೆ ಪೂರ್ವದ ರಾಜ್ಯಗಳ ಜನಸಂಖ್ಯೆಯನ್ನು ನಿರ್ಧರಿಸುವುದು ಇತಿಹಾಸಕಾರರಿಗೆ ಎಂದಿನಿಂದಲೂ ತೊಡಕಿನ ಕೆಲಸವಾಗಿದೆ. ಮುಂಬಯಿ ಪ್ರಾಂತದ ವ್ಯವಸ್ಥಿತ ಜನಗಣತಿ ನಡೆದದ್ದು 1872ರಲ್ಲಿ. ಕಿತ್ತೂರು ಪತನವಾದದ್ದು 1824ರಲ್ಲಿ. ನಡುವಿನ 48 ವರ್ಷಗಳ ಅಂತರವನ್ನು ದಾಟಿ ಸಂಸ್ಥಾನದ ಪ್ರಜೆಗಳನ್ನು ಎಣಿಸುವ ಬಗೆ ಯಾವುದು ಎಂಬುದು ಇಲ್ಲಿಯ ಪ್ರಶ್ನೆ.

ಕಿತ್ತೂರಿನ ನೆರೆಯ ದೇಗಾಂವದ ಕಮಲನಾರಾಯಣ ದೇವಾಲಯ 12ನೆಯ ಶತಮಾನದ್ದು. ಗೋವಾ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು. ಶಾಸನಗಳು ದಾನಿಗಳನ್ನೂ ದತ್ತಿಗಳನ್ನೂ ಹೆಸರಿಸುತ್ತವೆ. ಊರ ಜನರನ್ನು ಎಣಿಸುವುದಿಲ್ಲ. ಆ ಕದಂಬರು ಆಳಿದ ‘ಹಲಸಿಗೆ 12000’, ‘ಕೊಂಕಣ 900’ ಎಂಬ ನಾಡುಗಳ ಅಂಕಿಗಳನ್ನೂ ಜನಸಂಖ್ಯೆಯೆಂದು ಓದಲು ಬಾರದು.

ಸೈನ್ಯಬಲದಿಂದ ಜನಬಲವನ್ನು ಊಹಿಸುವುದು ಎರಡನೆಯ ವಿಧಾನ. ಡೊಮಿಂಗೊ ಪಾಯೆಸ್ ವಿಜಯನಗರದಲ್ಲಿ ಹತ್ತು ಲಕ್ಷ ಯೋಧರಿದ್ದರೆಂದು ಬರೆದಿದ್ದಾನೆ. ಮೋರ್ಲ್ಯಾಂಡ್ 1920ರಲ್ಲಿ ದಕ್ಷಿಣದ ಸೈನ್ಯವನ್ನು ಅಷ್ಟೇ ಎಂದು ಹಿಡಿದು, ಒಬ್ಬ ಯೋಧನಿಗೆ 30 ಜನರಂತೆ ಲೆಕ್ಕಿಸಿ, 1600ರ ಸುಮಾರಿಗೆ ಅಲ್ಲಿ ಮೂರು ಕೋಟಿ ಜನರಿದ್ದರೆಂದು ಅಂದಾಜಿಸಿದನು. ಈ ಅನುಪಾತವನ್ನು ಕಿತ್ತೂರಿಗೆ ಅನ್ವಯಿಸಲಾಗದು. ಇಲ್ಲಿಯ ಶೇತಸನದಿಗಳು ಭೂಮಿ ಪಡೆದು ಸೇವೆ ಸಲ್ಲಿಸುತ್ತಿದ್ದವರು. ಒಕ್ಕಲುತನವೂ ಯುದ್ಧವೂ ಒಂದೇ ಮನೆಯಲ್ಲಿದ್ದವು. ಐದು ಜನರ ಮನೆಗೆ ಒಬ್ಬನಂತೆ ಯುದ್ಧಕ್ಕೆ ಹೊರಟಿದ್ದರೆ, 30ರ ಗುಣಕವು ವಾಸ್ತವಕ್ಕಿಂತ ಆರು ಪಟ್ಟು ಜನರನ್ನು ತೋರಿಸುತ್ತದೆ.

ಮೂರನೆಯದು ಗ್ರಾಮಗಣನೆ. ಕಿತ್ತೂರಿಗೆ 286 ಗ್ರಾಮಗಳೂ 72 ಮಜರೆಗಳೂ ಸೇರಿದ್ದವೆಂಬ ಲೆಕ್ಕ ಪ್ರಚಲಿತವಾಗಿದೆ. ನಿದರ್ಶನಕ್ಕೆ ಗ್ರಾಮಗಳನ್ನಷ್ಟೇ ಹಿಡಿದು, ಗ್ರಾಮಕ್ಕೆ 80 ಮನೆ, ಮನೆಗೆ 4.5 ಜನ ಎಂದುಕೊಂಡರೆ 1,02,960. 120 ಮನೆ, 5.5 ಜನ ಎಂದುಕೊಂಡರೆ 1,88,760. ಇವು ನಿರ್ಣಯಗಳಲ್ಲ, ಸಣ್ಣ ಊಹೆಗಳ ವ್ಯತ್ಯಾಸ ಗುಣಾಕಾರದಲ್ಲಿ ಹೇಗೆ ಬೆಳೆಯುತ್ತದೆಂಬುದರ ಉದಾಹರಣೆ ಮಾತ್ರ. ಗ್ರಾಮಪಟ್ಟಿಯಲ್ಲಿ ಜನವಸತಿಯಿಲ್ಲದ ಬೇಚರಾಕ್ ಊರುಗಳೂ ಇರಬಹುದೆಂಬುದನ್ನು ಮರೆಯುವಂತಿಲ್ಲ.

1872ರ ಅಂಕಿಯಿಂದ ಹಿಂದಕ್ಕೆ ಎಣಿಸುತ್ತ ಹೋಗುವುದೂ ಸುರಕ್ಷಿತವಲ್ಲ. ಆ ವರ್ಷ ಒಂಬತ್ತು ಲಕ್ಷ ಮೀರಿದ್ದ ಬೆಳಗಾವಿ ಜಿಲ್ಲೆಯ ಜನಸಂಖ್ಯೆ, 1876-78ರ ಬರಗಾಲದ ತರುವಾಯ, 1881ರಲ್ಲಿ ಒಂಬತ್ತು ಲಕ್ಷಕ್ಕಿಂತ ಕೆಳಗಿಳಿಯಿತು. ಒಂದೇ ಬರ ಜನಸಂಖ್ಯೆಯನ್ನು ಹೀಗೆ ತಗ್ಗಿಸಬಲ್ಲದಾದರೆ, ಜನಸಂಖ್ಯೆ ಪ್ರತಿವರ್ಷ ಸಮಪ್ರಮಾಣದಲ್ಲಿ ಏರಿತೆಂಬ ಕಲ್ಪನೆಗೆ ಬುಡವಿಲ್ಲ.

ಆದ್ದರಿಂದ ಒಂದೇ ಸಂಖ್ಯೆಗಿಂತ ಕನಿಷ್ಠ-ಗರಿಷ್ಠ ಮಿತಿಗಳನ್ನು ಹೇಳುವುದೇ ಯುಕ್ತ. ಅವುಗಳನ್ನು ಕಿರಿದುಗೊಳಿಸಲು ಸಮಕಾಲೀನ ಸಾಮಗ್ರಿ ಅಗತ್ಯ. ಥಾಮಸ್ ಮಾರ್ಷಲ್‌ನ ವರದಿಗಳು 1822ರಲ್ಲಿ ಮುಂಬಯಿಯಲ್ಲಿ ಪ್ರಕಟವಾದವು. ಪಾಶ್ಚಾಪುರ, ಬೆಳಗಾವಿ, ಖಾನಾಪುರ ಮೊದಲಾದ ನೆರೆಯ ಪರಗಣೆಗಳ ಆ ವಿವರಗಳನ್ನು ಕುಲಕರ್ಣಿ ಮನೆತನಗಳ ಮೋಡಿ ಕಾಗದಪತ್ರಗಳೊಡನೆ ಹೋಲಿಸಬೇಕು. ಕಿತ್ತೂರಿನ ಪ್ರತಿರೋಧದ ಹಿರಿಮೆಯನ್ನು ಅಳೆಯಬೇಕಾದರೆ ಆ ನಾಡಿನಲ್ಲಿ ಎಷ್ಟು ಮನೆಗಳಿದ್ದವೆಂಬುದನ್ನು ಮೊದಲು ಅರಿಯಬೇಕು. ಹಿಗ್ಗಿಸಿದ ಜನಸಂಖ್ಯೆಯಿಂದ ಆ ಹಿರಿಮೆ ಹೆಚ್ಚದು. ಕೆಲವೇ ಊರುಗಳ ಒಕ್ಕಲುಮಕ್ಕಳು ದೊಡ್ಡ ಶಕ್ತಿಯೊಂದನ್ನು ಎದುರಿಸಿದರೆಂಬ ಸತ್ಯವೇ ಅದರಿಂದ ಮಸುಕಾಗುತ್ತದೆ.