ಟ್ಯಾಟೂ: ಎಲ್ಲಿ ಹಾಕಿಸಿದರೆ ಎಷ್ಟು ನೋವು?

ಮೊದಲ ಸಲ ಟ್ಯಾಟೂ ಹಾಕಿಸಿಕೊಳ್ಳುವವರಿಗೆ ಪಕ್ಕೆಲುಬಿನ ಜಾಗ ಬೇಡ. ಫೋಟೊದಲ್ಲಿ ಅದು ಎಷ್ಟೇ ಚೆಂದ ಕಂಡಿರಲಿ, ಎರಡನೆಯದಕ್ಕೋ ಮೂರನೆಯದಕ್ಕೋ ಇಟ್ಟುಕೊಳ್ಳಿ. ನೋವು ತಡೆಯಲಾರದೆ ಅರ್ಧಕ್ಕೇ ಎದ್ದು ಬಂದರೆ ಆ ಅರ್ಧ ಚಿತ್ರವೇ ಮೈಮೇಲೆ ಉಳಿಯುತ್ತದೆ. ಹಕ್ಕಿಯ ರೆಕ್ಕೆ ಮಾತ್ರ ಇದ್ದು ಹಕ್ಕಿಯೇ ಇಲ್ಲದಿದ್ದರೆ ಎಲ್ಲರಿಗೂ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ.

‘ನೋವೇ ಇಲ್ಲದ ಟ್ಯಾಟೂ’ ಎಂಬ ಜಾಹೀರಾತನ್ನೂ ನಂಬಬೇಡಿ. ಹೊರಚರ್ಮ ಸದಾ ಉದುರುತ್ತಿರುತ್ತದೆ, ಬಣ್ಣ ಅಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಸೂಜಿ ಅದನ್ನು ದಾಟಿ ಒಂದರಿಂದ ಎರಡು ಮಿಲಿಮೀಟರ್ ಕೆಳಗಿನ ಒಳಚರ್ಮಕ್ಕೆ ಇಳಿಯಲೇಬೇಕು. ಅಷ್ಟು ದೂರ ಹೋಗುವಾಗ ನರತುದಿಗಳನ್ನು ತಪ್ಪಿಸಿಕೊಂಡು ಹೋಗುವ ದಾರಿ ಇಲ್ಲ. ಹಾಗೆಂದು ನೋವು ಎಲ್ಲೆಡೆ ಒಂದೇ ಅಲ್ಲ. ಜಾಗ, ಚಿತ್ರ, ಹೊತ್ತು ಈ ಮೂರನ್ನು ಸರಿಯಾಗಿ ಆರಿಸಿಕೊಂಡರೆ ಹೆಚ್ಚಿನವರು ಆರಾಮವಾಗಿ ತಡೆದುಕೊಳ್ಳಬಹುದು.

ಹಂತ 1: ಮನೆಯಲ್ಲೇ ಪರೀಕ್ಷಿಸಿ

ಹಾಕಿಸಬೇಕೆಂದಿರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ. ಬೆರಳು ಮೆತ್ತಗೆ ಒಳಗಿಳಿದರೆ ಕೆಳಗೆ ಮಾಂಸಖಂಡವೋ ಕೊಬ್ಬೋ ಇದೆ ಎಂದರ್ಥ, ನೋವು ಕಡಿಮೆ. ಒತ್ತಿದ ಕೂಡಲೇ ಮೂಳೆ ಸಿಕ್ಕರೆ ಸೂಜಿಯ ಅದುರು ನೇರವಾಗಿ ಮೂಳೆಗೆ ತಾಗಿದಂತೆ ಅನಿಸುತ್ತದೆ.

ಆಮೇಲೆ ಅದೇ ಜಾಗವನ್ನು ಬೇರೆ ಯಾರಾದರೂ ಮುಟ್ಟಲಿ. ಕಚಗುಳಿಯಾಗುತ್ತದೆಯೇ? ಕಂಕುಳು, ಪಕ್ಕೆ, ಅಂಗಾಲು, ಕುತ್ತಿಗೆಯ ಪಕ್ಕ ಹೀಗೆ ಕಚಗುಳಿಯ ಜಾಗಗಳನ್ನು ಪಟ್ಟಿ ಮಾಡಿದರೆ ಅದು ಹೆಚ್ಚುಕಡಿಮೆ ನೋವಿನ ಜಾಗಗಳ ಪಟ್ಟಿಯೂ ಆಗುತ್ತದೆ.

ಇನ್ನೂ ಕುತೂಹಲವಿದ್ದರೆ ಎರಡು ಟೂತ್‌ಪಿಕ್ ತೆಗೆದುಕೊಳ್ಳಿ. ಬೆರಳ ತುದಿಯಲ್ಲಿ ಅವುಗಳ ನಡುವೆ ಎರಡು ಮೂರು ಮಿಲಿಮೀಟರ್ ಅಂತರವಿದ್ದರೂ ಚುಚ್ಚುತ್ತಿರುವುದು ಎರಡು ಮೊನೆ ಎಂದು ಗೊತ್ತಾಗುತ್ತದೆ. ಬೆನ್ನಿನ ಮೇಲೆ ಮೂರು ಸೆಂಟಿಮೀಟರ್ ದೂರವಿಟ್ಟರೂ ಒಂದೇ ಮೊನೆ ಎನಿಸಬಹುದು. ಬೆರಳಿನ ಮೇಲೆ ಪುಟ್ಟ ಟ್ಯಾಟೂ ಹಾಕಿಸಿಕೊಂಡವರು ಕಣ್ಣೀರು ಹಾಕುವುದೂ, ಬೆನ್ನ ತುಂಬ ಬರೆಸಿಕೊಂಡವರು ನಿದ್ದೆ ಹೋಗುವುದೂ ಯಾಕೆಂದು ಇದರಿಂದ ಸ್ವಲ್ಪ ಅರ್ಥವಾದೀತು.

ಹಂತ 2: ಜಾಗ ಆರಿಸಿ

ಅತಿ ಕಡಿಮೆ ನೋವು ರಟ್ಟೆಯ ಹೊರಭಾಗ, ಭುಜ, ತೊಡೆಯ ಹೊರಭಾಗ ಮತ್ತು ಮುಂಗೈಯ ಹೊರಬದಿಯಲ್ಲಿ. ಮೊದಲ ಟ್ಯಾಟೂಗೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಬೆನ್ನಿನ ಮೇಲ್ಭಾಗವೂ ಸರಿಯೇ, ಆದರೆ ನಡುವಿನ ಬೆನ್ನುಮೂಳೆಯ ಗೆರೆ ಬಿಟ್ಟು. ಮೀನಖಂಡ, ಮುಂಗೈಯ ಒಳಬದಿ, ಸೊಂಟದ ಹಿಂಭಾಗ ಮಧ್ಯಮ. ಮಣಿಕಟ್ಟಿನ ಕಡೆ ಇಳಿದಷ್ಟೂ ಉರಿ ಏರುತ್ತದೆ.

ಅದರ ಮೇಲಿನದೆಲ್ಲ ಗಟ್ಟಿ ಮನಸ್ಸಿನವರಿಗೆ. ಕೊರಳೆಲುಬು, ಮೊಣಕೈ, ಮೊಣಕಾಲ ಚಿಪ್ಪು, ಕಾಲಿನ ಹರಡು, ಮೊಣಕಾಲ ಕೆಳಗಿನ ಮುಂಭಾಗದ ಮೂಳೆ, ಇವೆಲ್ಲ ತೆಳುಚರ್ಮದ ಕೆಳಗೆ ಮೂಳೆಯೇ ಇರುವ ಜಾಗಗಳು. ಮೊಣಕೈಯ ಒಳಮಡಿಕೆ, ಮಂಡಿಯ ಹಿಂದಿನ ಗುಳಿ, ರಟ್ಟೆಯ ಒಳಭಾಗ ನೋಡಲು ಮೆತ್ತಗಿದ್ದರೂ ಚರ್ಮ ತೀರಾ ನವಿರು. ಇಲ್ಲಿ ಹಲವರು ಮೋಸ ಹೋಗುತ್ತಾರೆ. ಪಕ್ಕೆಲುಬಿಗೆ ಇನ್ನೊಂದು ಕಷ್ಟವಿದೆ. ಉಸಿರಾಡಿದಾಗಲೆಲ್ಲ ಅದು ಅಲುಗಾಡುವುದರಿಂದ ಕಲಾವಿದರು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕಾಗುತ್ತದೆ, ನೀವೂ ಉಸಿರು ಅಳೆದು ಬಿಡಬೇಕಾಗುತ್ತದೆ. ಕಂಕುಳು, ತೊಡೆಸಂದು, ಅಂಗೈ, ಅಂಗಾಲು ಎಲ್ಲಕ್ಕಿಂತ ಮೇಲೆ. ಅಂಗೈ ಅಂಗಾಲುಗಳಲ್ಲಿ ಅಷ್ಟು ನೋವು ತಿಂದೂ ಬಣ್ಣ ಬೇಗ ಮಾಸಿಹೋಗುತ್ತದೆ. ನನ್ನ ಲೆಕ್ಕದಲ್ಲಿ ಅದು ನಷ್ಟದ ವ್ಯಾಪಾರ.

ನೋವೊಂದನ್ನೇ ನೋಡಿ ಜಾಗ ಆರಿಸುವುದೂ ತಪ್ಪು. ಗಾಯ ಮಾಗಿದ ಮೇಲೆ ಕಲೆ ದಪ್ಪಗೆ ಉಬ್ಬುವ ಕೀಲಾಯ್ಡ್ ಪ್ರವೃತ್ತಿ ನಿಮ್ಮದಾಗಿದ್ದರೆ ಭುಜ ಮತ್ತು ಎದೆ ಅಪಾಯದ ಜಾಗಗಳು. ಅಲ್ಲಿ ನೋವು ಕಡಿಮೆಯಿರಬಹುದು, ಉಬ್ಬು ಮಾತ್ರ ಹೋಗುವುದಿಲ್ಲ. ಸೇನೆ ಸೇರುವ ಆಸೆಯಿರುವ ಹುಡುಗ ಹುಡುಗಿಯರು ಇನ್ನೂ ಎಚ್ಚರವಾಗಿರಬೇಕು. ಅಲ್ಲಿ ಸಾಮಾನ್ಯವಾಗಿ ಮುಂಗೈಯ ಒಳಬದಿ ಮತ್ತು ಅಂಗೈಯ ಹಿಂಭಾಗದ ಹಚ್ಚೆಗಷ್ಟೇ ಒಪ್ಪಿಗೆ. ‘ನೋವಾಗಲಿಲ್ಲ’ ಎಂದು ರಟ್ಟೆಯ ಮೇಲೆ ಹಾಕಿಸಿಕೊಂಡ ಹುಲಿ ನೇಮಕಾತಿಯ ದಿನ ನೋವು ಕೊಡಬಹುದು. ಅರ್ಜಿ ಹಾಕುವ ಹುದ್ದೆಯ ಅಧಿಸೂಚನೆಯನ್ನು ಓದಿಯೇ ಮುಂದುವರಿಯಿರಿ.

ಹಂತ 3: ಚಿತ್ರ ಚಿಕ್ಕದೇ, ದೊಡ್ಡದೇ?

ನಮ್ಮ ಅಜ್ಜಿಯಂದಿರ ಹಣೆಯ, ಗಲ್ಲದ ಹಚ್ಚೆ ನೆನಪಿಸಿಕೊಳ್ಳಿ. ಎರಡೂ ಮೂಳೆಯ ಮೇಲಿನ ಜಾಗಗಳೇ. ಆದರೆ ಅಲ್ಲಿದ್ದುದು ಒಂದೆರಡು ಚುಕ್ಕಿ, ಒಂದು ಪುಟ್ಟ ಗೆರೆ. ದೊಡ್ಡ ಚಿತ್ತಾರಗಳು ಮುಂಗೈಗೆ ಹೋಗುತ್ತಿದ್ದವು. ಈಗಲೂ ಅದೇ ಲೆಕ್ಕ: ನೋವಿನ ಜಾಗ ಬೇಕೇ ಬೇಕೆಂದಾದರೆ ಹತ್ತು ನಿಮಿಷದಲ್ಲಿ ಮುಗಿಯುವ ಚಿತ್ರ ಆರಿಸಿಕೊಳ್ಳಿ.

ಗೆರೆ ಎಳೆಯುವಾಗ ನೋವು ಚುರುಕಾಗಿ, ಗೀರಿದಂತಿರುತ್ತದೆ. ಒಳಗೆ ಬಣ್ಣ ತುಂಬುವಾಗ ಮೊದಲಿಗೆ ಹಗುರ ಎನಿಸಿದರೂ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಓಡಾಡಿದ ಮೇಲೆ ಉರಿ ಶುರುವಾಗುತ್ತದೆ, ಬಿಸಿಲಿಗೆ ಬೆಂದ ಮೈಯನ್ನು ಉಗುರಿನಿಂದ ಕೆರೆದ ಹಾಗೆ. ಬಿಳಿ ಬಣ್ಣವನ್ನು ಸಾಮಾನ್ಯವಾಗಿ ಕೊನೆಗೆ ಹಾಕುತ್ತಾರೆ. ಆ ಹೊತ್ತಿಗೆ ಚರ್ಮ ಕೆಂಪಾಗಿ ನೊಂದಿರುವುದರಿಂದ ಅದೇ ಹೆಚ್ಚು ಉರಿ ಎಂದು ಹಲವರು ದೂರುತ್ತಾರೆ. ಎರಡು ಮೂರು ಗಂಟೆ ಮೀರುವ ಕೆಲಸವಾದರೆ ಎರಡು ದಿನಕ್ಕೆ ಹಂಚಿಕೊಳ್ಳಲು ಮೊದಲೇ ಕೇಳಿ.

ಪ್ರೇಮಿಯ ಹೆಸರು ಬರೆಸಿಕೊಳ್ಳಲು ಹೊರಟವರಿಗೆ ಒಂದು ಮಾತು: ಅದನ್ನು ಲೇಸರ್‌ನಿಂದ ಅಳಿಸಲು ಹಲವು ಸಲ ಹೋಗಬೇಕು, ಪ್ರತಿ ಸಲವೂ ನೋವು ಇದ್ದೇ ಇದೆ, ಖರ್ಚೂ ಹಾಕಿಸಿದ್ದಕ್ಕಿಂತ ಹೆಚ್ಚು.

ಹಂತ 4: ಹಿಂದಿನ ದಿನ

ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಮದ್ಯ ಬೇಡ, ಕುಡಿದು ಬಂದವರನ್ನು ಒಳ್ಳೆಯ ಸ್ಟುಡಿಯೊಗಳು ವಾಪಸು ಕಳಿಸುತ್ತವೆ. ನೋವು ತಡೆಯಲೆಂದು ಆ್ಯಸ್ಪಿರಿನ್ ನುಂಗಬೇಡಿ, ರಕ್ತ ಹೆಚ್ಚು ಒಸರುತ್ತದೆ. ವೈದ್ಯರು ಕೊಟ್ಟಿರುವ ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಅವರನ್ನು ಕೇಳಿ. ಮಧುಮೇಹ ಇರುವವರೂ ಅಷ್ಟೇ. ಗರ್ಭಿಣಿಯರು ಮುಂದಕ್ಕೆ ಹಾಕುವುದು ಕ್ಷೇಮ. ಮುಟ್ಟಿನ ದಿನಗಳಲ್ಲಿ ನೋವು ಹೆಚ್ಚೆನಿಸುವುದು ಹಲವು ಹೆಣ್ಣುಮಕ್ಕಳ ಅನುಭವ, ದಿನಾಂಕ ಗೊತ್ತು ಮಾಡುವಾಗ ಅದನ್ನೂ ನೋಡಿಕೊಳ್ಳಿ.

ಹಾಕಿಸುವ ದಿನ ಹೊಟ್ಟೆ ತುಂಬ ಊಟ ಮಾಡಿಯೇ ಹೊರಡಿ. ತಲೆಸುತ್ತಿ ಬೀಳುವವರಲ್ಲಿ ಖಾಲಿ ಹೊಟ್ಟೆಯಲ್ಲಿ ಬಂದವರೇ ಹೆಚ್ಚು.

ಮರಗಟ್ಟಿಸುವ ಕ್ರೀಮಿನ ವಿಷಯ

ಲಿಡೊಕೇನ್ ಇರುವ ಕ್ರೀಮು ಮೇಲ್ಚರ್ಮವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ ನಿಜ. ಆದರೆ ಅದು ಔಷಧ. ದೊಡ್ಡ ಜಾಗಕ್ಕೆ ದಪ್ಪಗೆ ಬಳಿದು ಪ್ಲಾಸ್ಟಿಕ್ ಸುತ್ತಿ ಕೂತರೆ ರಕ್ತಕ್ಕೆ ಸೇರಿ ಹೃದಯದ ಬಡಿತ ಏರುಪೇರಾಗಬಹುದು, ಫಿಟ್ಸ್ ಬರಬಹುದು. 2024ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಂಥ ಕ್ರೀಮುಗಳ ಬಗ್ಗೆ ಎಚ್ಚರಿಕೆ ನೀಡಿ, ಶೇ 4ಕ್ಕಿಂತ ಹೆಚ್ಚು ಲಿಡೊಕೇನ್ ಇರುವುದನ್ನು ಹಚ್ಚಬೇಡಿ ಎಂದಿತು. ಹೆಸರಿಲ್ಲದ ಟ್ಯೂಬನ್ನು ಆನ್‌ಲೈನ್‌ನಲ್ಲಿ ತರಿಸುವುದಕ್ಕಿಂತ ಚರ್ಮವೈದ್ಯರನ್ನು ಕೇಳುವುದು ಲೇಸು. ಚಿಕ್ಕ ಚಿತ್ರಕ್ಕೆ ಇದರ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ.

ಹಂತ 5: ಕುರ್ಚಿಯ ಮೇಲೆ

ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಬಿಚ್ಚಲಿ, ಕೈಗೆ ಹೊಸ ಗ್ಲೌಸ್ ಇರಲಿ. ಕೇಳಲು ಸಂಕೋಚ ಬೇಡ, ಒಂದೇ ಸೂಜಿ ಹಲವರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡುತ್ತವೆ.

ಮೊದಲ ಐದು ಹತ್ತು ನಿಮಿಷವೇ ಕಠಿಣ. ಆಮೇಲೆ ಮೈ ಒಗ್ಗಿಕೊಳ್ಳುತ್ತದೆ. ಉಸಿರು ಬಿಗಿ ಹಿಡಿದರೆ ನೋವು ಏರುತ್ತದೆ, ನಿಧಾನವಾಗಿ ಹೊರಬಿಡಿ. ಊರೂರು ಸುತ್ತಿ ಹಚ್ಚೆ ಹೊಯ್ಯುತ್ತಿದ್ದ ಕೊರವಂಜಿಯರು ಸೂಜಿ ಚುಚ್ಚುತ್ತಲೇ ಹಾಡು ಹೇಳುತ್ತಿದ್ದರು. ಹಾಡಿನ ಕಡೆ ಕಿವಿ ಹೋದರೆ ನೋವಿನ ಕಡೆ ಮನಸ್ಸು ಹೋಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ನೀವು ಇಯರ್‌ಫೋನ್ ಒಯ್ಯಿರಿ, ಇಲ್ಲವೇ ಮಾತುಗಾರ ಸ್ನೇಹಿತರನ್ನು ಕರೆದುಕೊಂಡು ಹೋಗಿ. ತಡೆಯಲಾಗದಿದ್ದರೆ ದಿಢೀರನೆ ಕೈ ಎಳೆಯಬೇಡಿ, ಗೆರೆ ಸೊಟ್ಟಗಾಗುತ್ತದೆ. ಬಾಯಿಬಿಟ್ಟು ‘ಒಂದು ನಿಮಿಷ’ ಅನ್ನಿ. ಕಣ್ಣು ಮಂಜಾಗಿ ಬೆವರಿದರೆ ಆಗಲೇ ಹೇಳಿ ಮಲಗಿಬಿಡಿ.

ಹಂತ 6: ಮನೆಗೆ ಬಂದ ಮೇಲೆ

ಎರಡು ಮೂರು ದಿನ ಉರಿ, ಆಮೇಲೆ ನವೆ. ಸಿಪ್ಪೆ ಏಳುವಾಗ ಕೆರೆಯಬೇಡಿ. ಇಲ್ಲೂ ಜಾಗದ ಪ್ರಶ್ನೆ ಬರುತ್ತದೆ: ಸೊಂಟದ ಟ್ಯಾಟೂಗೆ ಲಂಗದ ಲಾಡಿ, ಪ್ಯಾಂಟಿನ ಬೆಲ್ಟು ಉಜ್ಜುತ್ತದೆ; ಭುಜದ್ದಕ್ಕೆ ಬ್ಯಾಗಿನ ಪಟ್ಟಿ; ಪಾದದ್ದಕ್ಕೆ ಶೂ. ಹಾಕಿಸುವಾಗ ಕಡಿಮೆ ನೋವಿದ್ದ ಸೊಂಟ ವಾರಪೂರ್ತಿ ಕಾಡಬಹುದು. ಮೂರನೆಯ ದಿನದ ನಂತರ ನೋವು ಇಳಿಯುವ ಬದಲು ಏರಿದರೆ, ಕೆಂಪು ಹರಡಿದರೆ, ಕೀವು ಅಥವಾ ಜ್ವರ ಕಂಡರೆ ಅರಿಸಿನ ಹಚ್ಚುತ್ತಾ ಕೂರದೆ ವೈದ್ಯರ ಬಳಿ ಹೋಗಿ. ರಕ್ತದಾನ ಮಾಡುವ ರೂಢಿಯಿದ್ದವರು ಹಾಕಿಸಿಕೊಂಡ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಅಲ್ಲಿಂದ 12 ತಿಂಗಳು ರಕ್ತ ಕೊಡುವಂತಿಲ್ಲ.