ಹಣ್ಣಿನ ಸಸಿಗೆ ಮುನ್ನ ತಾಯಿಮರದ ವಿಚಾರಣೆ

ರಾಗಿ ಜೋಳಗಳ ಬೀಜವು ಕೆಟ್ಟದಾಗಿದ್ದರೆ ಆ ದೋಷವು ಕೆಲವೇ ದಿನಗಳಲ್ಲಿ ಹೊಲದಲ್ಲಿ ತಿಳಿದುಬರುತ್ತದೆ, ನಷ್ಟವೂ ಒಂದು ಹಂಗಾಮಿಗೆ ಮುಗಿಯುತ್ತದೆ. ಮಾವಿನ ಕಸಿಸಸಿಯ ದೋಷವಾದರೋ, ನಾಲ್ಕೈದು ವರ್ಷಗಳ ನೀರು, ಗೊಬ್ಬರ, ಕಾವಲುಗಳೆಲ್ಲವೂ ಸಂದ ಮೇಲೆ, ಬಾದಾಮಿಯೆಂದು ನೆಟ್ಟ ಮರದಲ್ಲಿ ಹೆಸರಿಲ್ಲದ ಹುಳಿಗಾಯಿ ಕಾಣಿಸಿಕೊಂಡಾಗಲಷ್ಟೇ ಬಯಲಾಗುತ್ತದೆ. ಎರಡೆಕರೆಯ ಹಿಡುವಳಿದಾರನಿಗೆ ಇಂತಹ ನಷ್ಟವನ್ನು ಭರಿಸುವ ಶಕ್ತಿಯಿಲ್ಲ. ಆದುದರಿಂದ ಸಸಿಯ ಬೆಲೆಯನ್ನು ಕೇಳುವುದಕ್ಕೆ ಮೊದಲು ಅದರ ತಾಯಿಮರವನ್ನು ಕೇಳಬೇಕು.

ಬೇಸಗೆಯಲ್ಲಿಯೇ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಹೋಗಿ, ಇಲಾಖೆಯ ಕ್ಷೇತ್ರಗಳಲ್ಲಿ ಯಾವ ತಳಿಯ ಸಸಿಗಳು ಸಿದ್ಧವಾಗುತ್ತಿವೆಯೆಂದು ವಿಚಾರಿಸಿ ಬೇಡಿಕೆಯನ್ನು ಬರೆಸುವುದು ಮೊದಲನೆಯ ಕೆಲಸ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹಾಗೂ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯಗಳೂ ನಂಬಿಕೆಗೆ ಅರ್ಹವಾದ ಮೂಲಗಳು. ಖಾಸಗಿ ನರ್ಸರಿಯಾದರೆ ಅದಕ್ಕೆ ರಾಷ್ಟ್ರೀಯ ತೋಟಗಾರಿಕಾ ಮಂಡಳಿಯ ಮಾನ್ಯತೆಯುಂಟೇ ಎಂದು ನೋಡಿ, ಕುಡಿಯನ್ನು ತೆಗೆದ ತಾಯಿಮರಗಳನ್ನು ತೋರಿಸುವಂತೆ ಮಾಲೀಕರನ್ನು ಸಂಕೋಚವಿಲ್ಲದೆ ಕೇಳಬೇಕು, ತೋರಿಸಲೊಲ್ಲದವರಲ್ಲಿ ಕೊಳ್ಳಬಾರದು.

ಈ ಮಾತಿನ ತೂಕವನ್ನು ತುಮಕೂರು ಜಿಲ್ಲೆಯ ‘ಸಿದ್ದು’ ಹಲಸು ತಿಳಿಸುತ್ತದೆ. ರೈತರೊಬ್ಬರ ಜಮೀನಿನಲ್ಲಿದ್ದ ಒಂದೇ ಕೆಂಪುತೊಳೆಯ ಮರವನ್ನು ಹೆಸರಘಟ್ಟದ ಸಂಸ್ಥೆಯು ಗುರುತಿಸಿ, ಆ ರೈತರೊಡನೆಯೇ ಒಪ್ಪಂದ ಮಾಡಿಕೊಂಡು, ಕಸಿಸಸಿಗಳ ಆದಾಯದ ಹೆಚ್ಚಿನ ಪಾಲು ಅವರಿಗೇ ಸಲ್ಲುವಂತೆ ಮಾಡಿತು. ಕೊಳ್ಳುವವರಿಗೆ ಮೂಲವು ಸ್ಪಷ್ಟ, ಕಾಪಾಡಿದವರಿಗೆ ಪ್ರತಿಫಲವೂ ನ್ಯಾಯ. ಸರ್ಕಾರದ ನೀತಿಯೆಂಬುದು ಇಂತಹ ಏರ್ಪಾಡುಗಳನ್ನು ಪ್ರತಿ ಜಿಲ್ಲೆಯಲ್ಲಿಯೂ ಬೆಳೆಸುವಂತಿರಬೇಕೆಂದು ನನ್ನ ದೃಢವಾದ ಅಭಿಪ್ರಾಯ.

ಸಸಿಯನ್ನು ಆರಿಸುವಾಗ ಕಸಿಯ ಕೂಡುಗಂಟು ಮಣ್ಣಿನಿಂದ ಸುಮಾರು ಒಂದು ಗೇಣು ಮೇಲಿದ್ದು, ಬಿರುಕಿಲ್ಲದೆ ಬೆಸೆದಿರಬೇಕು. ಕುಡಿಯಲ್ಲಿ ಬಲಿತ ಎಲೆಗಳಿರಬೇಕು. ಎತ್ತರವೇ ಗುಣವೆಂಬುದು ಭ್ರಮೆ, ಏಕೆಂದರೆ ಬಹುಕಾಲ ಚೀಲದಲ್ಲಿ ಉಳಿದ ಸಸಿಯ ಬೇರು ಒಳಗೇ ಸುರುಳಿ ಸುತ್ತಿಕೊಂಡು, ಮುಂದೆ ನೆಲಕ್ಕೆ ಆಳವಾಗಿ ಇಳಿಯಲಾರದು.

ದಾಳಿಂಬೆಯ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು. ವಿಜಯಪುರ, ಬಾಗಲಕೋಟೆ, ಕೊಪ್ಪಳ ಜಿಲ್ಲೆಗಳ ತೋಟಗಳನ್ನು ಹಾಳುಗೆಡವಿದ ದುಂಡಾಣು ಅಂಗಮಾರಿ ರೋಗವು ಸೋಂಕಿದ ಗೂಟಿ ಸಸಿಗಳ ಮೂಲಕವೂ ಹರಡುತ್ತದೆ, ಕೊಳ್ಳುವಾಗ ಅದು ಕಣ್ಣಿಗೆ ಕಾಣದಿರಬಹುದು. ಅಂಗಾಂಶ ಕೃಷಿಯ ದಾಳಿಂಬೆ, ಬಾಳೆಗಳನ್ನು ಕೊಳ್ಳುವವರು ಸಸಿಗಳು ರೋಗಮುಕ್ತವೆಂಬ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಹೀಗೆ ಕಣ್ಣಿಗೆ ಕಾಣದೆ ಹರಡುವ ರೋಗಗಳನ್ನು ಮೂಲದಲ್ಲಿಯೇ ತಡೆಯಲೆಂದು ಕೇಂದ್ರ ಸರ್ಕಾರವು 2024ರ ಆಗಸ್ಟ್‌ನಲ್ಲಿ 1,765.67 ಕೋಟಿ ರೂಪಾಯಿಗಳ ಶುದ್ಧ ಸಸ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಅದರ ಒಂಬತ್ತು ಕೇಂದ್ರಗಳಲ್ಲಿ ಒಂದು ಬೆಂಗಳೂರಿನದು. ಆ ಕೇಂದ್ರಗಳ ನಿರೋಗಿ ಕುಡಿಯು ದೊಡ್ಡ ಕಂಪನಿಗಳಲ್ಲಿಯೇ ನಿಲ್ಲದೆ ಹೋಬಳಿಯ ಸಣ್ಣ ನರ್ಸರಿಗೂ ತಲುಪಿದಲ್ಲದೆ ಆ ವೆಚ್ಚವು ಸಾರ್ಥಕವಾಗದು.

ಹಣ ಕೊಟ್ಟ ಮೇಲೆ ತಳಿಯ ಹೆಸರು, ಕುಡಿಯ ಮೂಲ, ಕಸಿ ಕಟ್ಟಿದ ತಿಂಗಳುಗಳನ್ನು ಬರೆದ ರಸೀತಿಯನ್ನು ಪಡೆದು ಜೋಪಾನವಾಗಿಡಬೇಕು. ಮುಂಗಾರು ನೆಲೆಗೊಂಡ ಮೇಲೆ, ಚೀಲವನ್ನು ಹರಿದು ತೆಗೆದು, ಹೆಂಟೆ ಒಡೆಯದಂತೆ, ಕೂಡುಗಂಟು ಮಣ್ಣಿನ ಮೇಲಿರುವಂತೆ ಸಸಿಯನ್ನು ನೆಟ್ಟು, ಗಂಟಿನ ಕೆಳಗೆ ಒಡೆಯುವ ಚಿಗುರುಗಳನ್ನು ಆಗಾಗ ಚಿವುಟಿಹಾಕಿರಿ.